ನೆನೆದ ಪುಸ್ತಕಗಳನ್ನು ಮನೆಮನೆಗೆ ಹಂಚಿದ ಗೋಂದಕ್ಕ

ಗ್ರಂಥಾಲಯಕ್ಕೆ ಬರುವ ಮಕ್ಕಳು ಅವಳಿಗೆ ಇಟ್ಟ ಹೆಸರು ಗೋಂದಕ್ಕ. ಬೆರಳ ಸಂದಿಯಲ್ಲಿ ಒಣಗಿದ ಗೋಂದು ಸದಾ ಪೊರೆಯ ಹಾಗೆ ಅಂಟಿಕೊಂಡಿರುತ್ತಿತ್ತಲ್ಲ, ಅದಕ್ಕೆ. ಮಕ್ಕಳ ಬಾಯಿಂದ ಅಪ್ಪ ಅಮ್ಮಂದಿರ ಬಾಯಿಗೆ, ಅಲ್ಲಿಂದ ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರ ಬಾಯಿಗೆ ಹರಡಿ, ಹಾಜರಿ ಪುಸ್ತಕ ಒಂದನ್ನು ಬಿಟ್ಟು ಉಳಿದ ಕಡೆಯೆಲ್ಲ ಅವಳು ಗೋಂದಕ್ಕನೇ ಆಗಿಹೋದಳು. ಅವಳಿಗೂ ಅದರಲ್ಲಿ ಬೇಸರವಿರಲಿಲ್ಲ. "ಅಂಟಿಸೋಳು ಅಂತ ತಾನೆ ಕರೀತಾರೆ, ಹರಿಯೋಳು ಅಂತ ಅಲ್ಲವಲ್ಲ" ಎನ್ನುತ್ತಿದ್ದಳು.

ಅವಳ ಹುದ್ದೆ ಅಟೆಂಡರ್. ಬೀಗ ತೆಗೆಯುವುದು, ಗುಡಿಸುವುದು, ಪೇಪರುಗಳನ್ನು ಮೇಜಿನ ಮೇಲೆ ಜೋಡಿಸುವುದು, ವಾಪಸು ಬಂದ ಪುಸ್ತಕಗಳನ್ನು ಕಪಾಟಿಗೆ ಸೇರಿಸುವುದು ಅವಳ ಕೆಲಸ. ಆದರೆ ಅವಳ ಜೀವ ಇದ್ದದ್ದು ಹಿಂದಿನ ಕೋಣೆಯಲ್ಲಿ. ಅಲ್ಲೊಂದು ಕಿಟಕಿ, ಕಿಟಕಿಯ ಕೆಳಗೆ ಹಲಗೆ, ಹಲಗೆಯ ಮೇಲೆ ದಬ್ಬಳ, ಮೇಣ ಉಜ್ಜಿದ ದಾರ, ರಟ್ಟಿನ ತುಂಡುಗಳು, ಅಂಚು ಸವೆದ ಕತ್ತರಿ. ಬೆನ್ನು ಮುರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ಗೋಂದು ಹಚ್ಚಿ, ಎರಡು ಹಲಗೆಗಳ ನಡುವೆ ಒತ್ತಿಡುವ ವಿದ್ಯೆಯನ್ನು ಅವಳಿಗೆ ಹಳೆಯ ಬೈಂಡರೊಬ್ಬರು ಕಲಿಸಿಕೊಟ್ಟಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು ಇಪ್ಪತ್ತೆಂಟು ವರ್ಷಗಳಲ್ಲಿ ಆ ಗ್ರಂಥಾಲಯದ ಹೆಚ್ಚುಕಡಿಮೆ ಪ್ರತಿ ಪುಸ್ತಕವನ್ನೂ ಒಮ್ಮೆಯಾದರೂ ಕೈಯಲ್ಲಿ ಹಿಡಿದಿದ್ದಳು. ಕತೆ ಕಾದಂಬರಿ ಓದುವುದನ್ನೂ ಹಾಗೇ ಕಲಿತಳು, ಹೊಲಿಗೆ ಹಾಕುತ್ತಾ ಹಾಕುತ್ತಾ.

ಅಂಥವಳ ಕೈಗೆ ಫೋನು ಕೊಟ್ಟವರು ಹೊಸದಾಗಿ ಬಂದ ಗ್ರಂಥಪಾಲಕಿ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ವಯಸ್ಸಿನಲ್ಲಿ ಗೋಂದಕ್ಕನ ಮಗಳಷ್ಟೇ. ಬಂದ ವಾರವೇ ಅವರು ಗ್ರಂಥಾಲಯದ ಹೆಸರಲ್ಲಿ ಒಂದು ವಾಟ್ಸಾಪ್ ಗುಂಪು, ಒಂದು ಫೇಸ್‌ಬುಕ್ ಪುಟ ತೆರೆದರು. ಬಾಗಿಲ ಮೇಲೆ ನಂಬರು ಬರೆದು ಅಂಟಿಸಿದರು. ನೂರಿಪ್ಪತ್ತು ಜನ ಸೇರಿದರು. ಮೇಡಂ ದಿನಾ ಹೊಸ ಪುಸ್ತಕಗಳ ಪಟ್ಟಿ ಹಾಕುತ್ತಿದ್ದರು. ಪಟ್ಟಿಯನ್ನು ಯಾರೂ ತೆರೆದು ನೋಡುತ್ತಿರಲಿಲ್ಲ.

"ಅಕ್ಕಾ, ನಾನು ಹೇಳಿದ್ರೆ ನೋಟಿಸ್ ಓದಿದ ಹಾಗಿರುತ್ತೆ," ಎಂದರು ಮೇಡಂ ಒಂದು ದಿನ. "ನೀವು ಹೊಲಿಗೆ ಹಾಕ್ತಾ ನನಗೆ ಪುಸ್ತಕದ ಬಗ್ಗೆ ಹೇಳ್ತೀರಲ್ಲ, ಅದನ್ನೇ ಇಲ್ಲಿ ಹೇಳಿ. ಈ ಮೈಕ್ ಗುರುತು ಒತ್ತಿ ಹಿಡ್ಕೊಂಡು ಮಾತಾಡಿ, ಸಾಕು."

"ಅಯ್ಯೋ, ನಾನಾ? ಜನ ನಗ್ತಾರೆ ಮೇಡಂ."

"ನಗಲಿ ಬಿಡಿ. ಈಗ ನಗೋರೂ ಇಲ್ಲ."

ಗೋಂದಕ್ಕ ಬಾಗಿಲು ಹಾಕಿಕೊಂಡು, ಫೋನನ್ನು ಬಾಯಿಯ ಹತ್ತಿರ ಸ್ಪೂನಿನಂತೆ ಹಿಡಿದು ಮಾತಾಡಿದಳು. "ನಮಸ್ಕಾರ. ನಾನು ಲೈಬ್ರರಿಯಿಂದ. ನನ್ನ ಕೈಯಲ್ಲಿ ಒಂದು ದಪ್ಪ ಕಾದಂಬರಿ ಇದೆ. ಮೂರನೇ ಸಲ ರಿಪೇರಿಗೆ ಬಂದಿದೆ. ಮೊದಲ ನಲವತ್ತು ಪುಟ ಹೊಸದರ ಹಾಗಿವೆ, ಅಂದ್ರೆ ಅಲ್ಲಿ ಎಲ್ಲರೂ ಬೇಗ ಬೇಗ ದಾಟಿಬಿಟ್ಟಿದ್ದಾರೆ. ಇನ್ನೂರ ಹನ್ನೆರಡನೇ ಪುಟ ನೋಡಿ, ಮೂಲೆ ಮಡಚಿ ಮಡಚಿ ಬಟ್ಟೆ ಥರ ಆಗಿದೆ. ಅಲ್ಲೇನೋ ಇದೆ. ನಾನು ಹೇಳಲ್ಲ. ಬಂದು ಓದ್ಕೊಳ್ಳಿ."

ಮರುದಿನ ಆ ಪುಸ್ತಕ ಕೇಳಿಕೊಂಡು ಏಳು ಜನ ಬಂದರು. ಇದ್ದದ್ದು ಒಂದೇ ಪ್ರತಿ. ಗೋಂದಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅಲ್ಲಿಂದ ಅವಳ ಮಾತು ದಿನಚರಿಯಾಯಿತು. ಯಾವ ಅರ್ಜಿಗೆ ಯಾವತ್ತು ಕೊನೆ ದಿನ, ಪೇಪರಿನಲ್ಲಿ ಯಾವ ಕೆಲಸದ ಜಾಹೀರಾತು ಬಂದಿದೆ, ಯಾರದೋ ಕನ್ನಡಕ ಮೇಜಿನ ಮೇಲೆ ಉಳಿದಿದೆ, ಎಲ್ಲವನ್ನೂ ಅದೇ ಮಾತಿನಲ್ಲಿ ಹೇಳುತ್ತಿದ್ದಳು. ಹತ್ತಿರದ ಅಪಾರ್ಟ್‌ಮೆಂಟೊಂದರ ನಾಲ್ಕನೇ ಮಹಡಿಯಲ್ಲಿ ಒಂಟಿಯಾಗಿದ್ದ ಒಬ್ಬ ಅಜ್ಜಿ, ತಿಂಗಳುಗಟ್ಟಲೆ ಗುಂಪಿಗೆ ಹೆಬ್ಬೆರಳು ಎತ್ತಿದ ಚಿತ್ರ ಬಿಟ್ಟು ಬೇರೇನೂ ಕಳಿಸದವರು, ಒಂದು ದಿನ ಕೇಳಿದರು: "ಮಂಡಿ ನೋವು, ಮೆಟ್ಟಿಲಿಳಿಯೋಕಾಗಲ್ಲ. ನನಗೂ ಪುಸ್ತಕ ಕೊಡ್ತೀರಾ?" ಮೇಡಂ ತಕ್ಷಣ ಕಾರ್ಡು ಮಾಡಿಸಿದರು. ಮನೆಗೆ ಹೋಗುವ ದಾರಿಯಲ್ಲಿ ಗೋಂದಕ್ಕ ಮಹಡಿ ಹತ್ತಿ ಪುಸ್ತಕ ಕೊಟ್ಟು ಬರತೊಡಗಿದಳು. ಗುಂಪಿನಲ್ಲಿ ಐನೂರು ಜನರಾದರು.

ಆಗಲೇ ಅವಳ ಕೈಯಿಂದ ಒಂದು ತಪ್ಪು ಆಯಿತು.

ದಿನಾ ಮಧ್ಯಾಹ್ನ ಎರಡಕ್ಕೆ ಬಸ್ ಕಂಡಕ್ಟರ್ ಒಬ್ಬರು ಬಂದು ಮೂಲೆಯ ಮೇಜಿಗೆ ಕೂತು ನಾಲ್ಕರವರೆಗೆ ಓದುತ್ತಿದ್ದರು. ನಲವತ್ತರ ಆಸುಪಾಸು. ಯಾರ ಜೊತೆಗೂ ಮಾತಿಲ್ಲ ಕತೆಯಿಲ್ಲ. ಬಸ್ಸಿನಲ್ಲೂ ಅಷ್ಟೆ, ಕೈ ಚಾಚಿ ಟಿಕೆಟ್ ಕೊಟ್ಟು ಸೀಟಿ ಊದಿದರೆ ಮುಗಿಯಿತು. ಸಿಡುಕಿನ ಮನುಷ್ಯ ಎಂದೇ ಜನರ ಲೆಕ್ಕ. ಆವತ್ತು ಕಿಟಕಿಯ ಬಿಸಿಲು ಅವರ ಮೇಜಿನ ಮೇಲೆ ಹಳದಿಯಾಗಿ ಬಿದ್ದಿತ್ತು. ಫೋಟೋ ತೆಗೆಯುವುದನ್ನು ಆಗಷ್ಟೇ ಕಲಿತಿದ್ದ ಗೋಂದಕ್ಕ ದೂರದಿಂದ ಒಂದು ಚಿತ್ರ ಹೊಡೆದು, "ನೋಡಿ, ನಮ್ಮಲ್ಲಿ ಎಷ್ಟು ಚೆಂದ ಬೆಳಕು" ಎಂದು ಫೇಸ್‌ಬುಕ್ ಪುಟಕ್ಕೆ ಹಾಕಿಬಿಟ್ಟಳು.

ಮರುದಿನ ಎರಡು ಗಂಟೆಗೆ ಮೂಲೆಯ ಮೇಜು ಖಾಲಿ. ಅದರ ಮರುದಿನವೂ. ಮೂರನೇ ದಿನ ಪುಸ್ತಕ ವಾಪಸು ಹಾಕುವ ಪೆಟ್ಟಿಗೆಯಲ್ಲಿ ಅವರ ಪುಸ್ತಕವಿತ್ತು, ಒಳಗೆ ಅವರ ಸದಸ್ಯತ್ವದ ಕಾರ್ಡೂ ಇತ್ತು. ತೊದಲುವವರು ಮಾತನ್ನು ಹೇಗೆ ಪಳಗಿಸಿಕೊಳ್ಳಬೇಕು ಎಂಬ ಪುಸ್ತಕ ಅದು.

ಗೋಂದಕ್ಕನಿಗೆ ಏನೋ ಸರಿಯಿಲ್ಲ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಪುಟಕ್ಕೆ ಹಾಕುವುದು ಅವಳಿಗೆ ಗೊತ್ತಿತ್ತು, ಅದರ ಕೆಳಗೆ ಜನ ಬರೆಯುವುದನ್ನು ತೆರೆದು ನೋಡುವುದು ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಮಗಳು ಊಟದ ಹೊತ್ತಿಗೆ ಫೋನು ನೋಡುತ್ತಾ ಕೇಳಿದಳು, "ಅಮ್ಮಾ, ಇದನ್ನ ನೀನು ಹಾಕಿದ್ದಾ?"

ಚಿತ್ರವನ್ನು ದೊಡ್ಡದು ಮಾಡಿದರೆ ಪುಸ್ತಕದ ಹೆಸರು ನಿಚ್ಚಳವಾಗಿ ಕಾಣುತ್ತಿತ್ತು. ಕೆಳಗೆ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ಬರೆದಿದ್ದ: "ಓಹೋ, ನಮ್ಮ ಕಂಡಕ್ಟರ್ ಸಾಹೇಬ್ರು ಬಾಯಿ ಬಿಡದೆ ಇರೋದು ಇದಕ್ಕಾ!" ಅದರ ಕೆಳಗೆ ನಗುವ ಮುಖಗಳು. ಸಾಲು ಸಾಲು.

ಗೋಂದಕ್ಕನ ಕೈಯಲ್ಲಿದ್ದ ತುತ್ತು ತಟ್ಟೆಗೇ ಬಿತ್ತು. "ತೆಗಿ, ತೆಗಿ, ಈಗಲೇ ತೆಗಿ" ಎಂದಳು. ಮಗಳು ತೆಗೆದಳು. ಆದರೆ ನೋಡಿದವರ ಕಣ್ಣಿಂದ ಅದನ್ನು ತೆಗೆಯುವುದು ಹೇಗೆ?

ಬೆಳಿಗ್ಗೆ ಮೇಡಂ ಮುಂದೆ ನಿಂತು ಎಲ್ಲ ಹೇಳಿದಳು. ಬೈಯುತ್ತಾರೆ ಎಂದುಕೊಂಡಿದ್ದಳು. ಮೇಡಂ ಕುರ್ಚಿ ತೋರಿಸಿದರು.

"ತಪ್ಪು ನಂದೂ ಇದೆ ಅಕ್ಕಾ. ಫೋನು ಕೊಟ್ಟೆ, ಕಾಯಿದೆ ಹೇಳಲಿಲ್ಲ. ಯಾರು ಏನು ಓದ್ತಾರೆ ಅನ್ನೋದು ನಮ್ಮ ಹೊಟ್ಟೆಯಲ್ಲೇ ಇರಬೇಕು. ಡಾಕ್ಟರ ಹತ್ರ ಹೇಳ್ಕೊಂಡ ಹಾಗೆ ಅದು. ಇನ್ಮೇಲೆ ಕೇಳದೆ ಯಾರ ಮುಖಾನೂ ಹಾಕೋದು ಬೇಡ. ಬರೀ ಪುಸ್ತಕ, ಬರೀ ಕೈ."

"ಫೋನೇ ಬೇಡ ಮೇಡಂ. ವಾಪಸ್ ತಗೊಳ್ಳಿ."

"ಫೋನು ಆಮೇಲೆ. ಮೊದಲು ಅವರನ್ನ ನೋಡ್ಕೊಂಡು ಬನ್ನಿ."

ರಜೆಯ ದಿನ ಗೋಂದಕ್ಕ ಅವರ ಬಸ್ಸು ಹಿಡಿದಳು. ಕಂಡಕ್ಟರ್ ಟಿಕೆಟ್ ಕೊಟ್ಟರು, ಮುಖ ನೋಡಲಿಲ್ಲ. ಅವಳು ಕೊನೆಯ ನಿಲ್ದಾಣದವರೆಗೂ ಕೂತಳು. ಜನ ಇಳಿದರು. ಡ್ರೈವರ್ ಟೀ ಕುಡಿಯಲು ಹೋದ. ಖಾಲಿ ಬಸ್ಸಿನಲ್ಲಿ ಅವರಿಬ್ಬರೇ.

"ನಾನೇ ಆ ಫೋಟೋ ಹಾಕಿದ್ದು," ಎಂದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಚೆಲ್ಲಾಪಿಲ್ಲಿಯಾಗಿತ್ತು. "ಬೆಳಕು ಚೆನ್ನಾಗಿತ್ತು ಅಂತ ಹಾಕ್ದೆ. ಪುಸ್ತಕದ ಹೆಸರು ಕಾಣುತ್ತೆ ಅಂತ ತಲೆಗೆ ಹೊಳೀಲೇ ಇಲ್ಲ. ನಿಮಗೆ ನೋವು ಮಾಡಿಬಿಟ್ಟೆ. ಕ್ಷಮಿಸಿ ಅಂತ ಕೇಳೋಕೆ ಬಂದೆ."

ಕಂಡಕ್ಟರ್ ಬಾಯಿ ತೆರೆದರು. ಮೊದಲ ಅಕ್ಷರವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಕುತ್ತಿಗೆಯ ನರ ಉಬ್ಬಿತು, ಕಣ್ಣು ಮುಚ್ಚಿದರು. ಅವರು ಏನು ಹೇಳಹೊರಟಿದ್ದಾರೆಂದು ಗೋಂದಕ್ಕನಿಗೆ ಗೊತ್ತಾಗುತ್ತಿತ್ತು, ಮಾತು ಎತ್ತಿಕೊಡಬೇಕೆಂದು ನಾಲಿಗೆ ತುದಿಗೇ ಬಂದಿತ್ತು. ವಾಚಾಳಿ ಹೆಂಗಸು, ಬಾಯಿ ಮುಚ್ಚಿ ಕೂರುವುದೆಂದರೆ ಅವಳಿಗೆ ಶಿಕ್ಷೆಯೇ. ಆದರೂ ನಾಲಿಗೆ ಕಚ್ಚಿಕೊಂಡು ಕಾದಳು. ಎಷ್ಟು ಹೊತ್ತೋ.

"ನಾಲ್ಕು ದಿನ," ಎಂದರು ಅವರು ಕೊನೆಗೂ, ಒಂದೊಂದು ಪದಕ್ಕೂ ನಿಂತು ನಿಂತು, "ಡಿಪೋಗೆ ಹೋಗೋಕೆ ನಾಚಿಕೆ ಆಯ್ತು." ಮತ್ತೆ ಕಾದರು, ಅವಳೂ ಕಾದಳು. "ಎಲ್ಲರೂ ನನ್ನ ಮಾತು ಮುಗಿಸ್ತಾರೆ. ನೀವು ಮುಗಿಸಲಿಲ್ಲ."

ಗೋಂದಕ್ಕನ ಕಣ್ಣು ತುಂಬಿತು. ಸೆರಗಲ್ಲಿ ಒರೆಸಿಕೊಂಡಳು.

ಅವರು ಜೇಬಿನಿಂದ ಒಂದು ಚೀಟಿ ತೆಗೆದು ಸರಸರನೆ ಬರೆದು ಕೊಟ್ಟರು. ಮುತ್ತು ಪೋಣಿಸಿದಂಥ ಅಕ್ಷರ. "ನಿಮ್ಮ ಮಾತು ನನಗಿಷ್ಟ. ಆದರೆ ಬಸ್ಸಿನ ಗದ್ದಲದಲ್ಲಿ ಕೇಳಿಸೋದಿಲ್ಲ. ಬರೆದೂ ಹಾಕಿ."

"ನಾನಾ, ಬರೆಯೋದಾ?" ಗೋಂದಕ್ಕನಿಗೆ ಅಳುವಿನ ನಡುವೆಯೇ ನಗು ಬಂತು. "ಕಂಡಕ್ಟ್ರೇ, ಒತ್ತಕ್ಷರ ಕಂಡ್ರೆ ನನಗೆ ಕೈ ನಡುಗುತ್ತೆ. ಯಾವುದರ ಕಾಲಿಗೆ ಯಾವುದನ್ನ ಕಟ್ಟಬೇಕು ಅಂತಲೇ ತಿಳಿಯಲ್ಲ. ಅದಕ್ಕೇ ಮಾತಾಡಿ ತಪ್ಪಿಸ್ಕೊಳ್ತೀನಿ."

ಕಂಡಕ್ಟರ್ ಜೋರಾಗಿ ನಕ್ಕುಬಿಟ್ಟರು. ನಗುವಾಗ ಅವರಿಗೆ ತೊದಲೇ ಇರಲಿಲ್ಲ. ಮತ್ತೆ ಚೀಟಿ ಎಳೆದುಕೊಂಡು ಬರೆದರು: "ನೀವು ಹೇಳಿ. ನಾನು ಬರೀತೀನಿ."

ಮುಂದಿನ ಸೋಮವಾರ ಎರಡಕ್ಕೆ ಅವರು ಬಂದರು. ಮೇಡಂ ಎದ್ದು ನಿಂತು ಕ್ಷಮೆ ಕೇಳಿ ಕಾರ್ಡು ವಾಪಸು ಕೊಟ್ಟರು. ಆವತ್ತಿನಿಂದ ಗೋಂದಕ್ಕನ ಮಾತು ಹೋದ ಅರ್ಧ ಗಂಟೆಯೊಳಗೆ ಅದರ ಕೆಳಗೆ ಬರಹವೂ ಹೋಗುತ್ತಿತ್ತು. ಅವಳ ಒಂದು ಮಾತನ್ನೂ ಅವರು ತಿದ್ದುತ್ತಿರಲಿಲ್ಲ. ಕಿವಿ ಕೇಳದ ದರ್ಜಿಯೊಬ್ಬರು ಅದನ್ನು ಓದಿ ಮೊದಲ ಸಲ ಗ್ರಂಥಾಲಯಕ್ಕೆ ಬಂದರು. "ಇಷ್ಟು ದಿನ ನೀವೆಲ್ಲ ಏನು ಹೇಳ್ಕೊಂಡು ನಗ್ತಿದ್ರಿ ಅಂತ ಈಗ ಗೊತ್ತಾಯ್ತು" ಎಂದು ಕಾಗದದಲ್ಲಿ ಬರೆದು ತೋರಿಸಿದರು. ಇಂಥವರೂ ಇದ್ದಾರೆಂದು ತನಗೆ ಯಾಕೆ ಹೊಳೆಯಲಿಲ್ಲ ಎಂದು ಗೋಂದಕ್ಕ ಆಮೇಲೆ ಎಷ್ಟೋ ದಿನ ಅಂದುಕೊಂಡಳು. ಕಂಡಕ್ಟರ್ ಮುನಿಸಿಕೊಂಡು ಹೋಗಿಬಿಟ್ಟಿದ್ದರೆ ಆ ದರ್ಜಿ ಇನ್ನೂ ಹೊರಗೇ ಇರುತ್ತಿದ್ದರಲ್ಲ ಎಂದು.

ಹೀಗೆ ವರ್ಷವೊಂದು ಕಳೆಯಿತು, ಗುಂಪು ಸಾವಿರ ದಾಟಿತು. ಒಂದು ಸೋಮವಾರ ಬೆಳಿಗ್ಗೆ ಬೀಗ ತೆಗೆದು ಕಾಲಿಟ್ಟರೆ ಪಾದ ಮುಳುಗುವಷ್ಟು ನೀರು. ಭಾನುವಾರ ಮೇಲಿನ ಮಹಡಿಯಲ್ಲಿ ನೀರಿನ ಪೈಪು ಒಡೆದು, ಗೋಡೆಗುಂಟ ಇಳಿದು, ಎರಡು ಸಾಲು ಕಪಾಟುಗಳನ್ನು ಪೂರ್ತಿ ತೋಯಿಸಿಬಿಟ್ಟಿತ್ತು. ಮಕ್ಕಳ ಪುಸ್ತಕಗಳು, ಕತೆ ಕಾದಂಬರಿಗಳು. ನೀರು ಕುಡಿದು ಊದಿಕೊಂಡು ಒಂದಕ್ಕೊಂದು ಬಿಗಿದು ಕೂತಿದ್ದವು. ಗೋಂದಕ್ಕ ಒಂದನ್ನು ಎಳೆದಳು. ಅವಳೇ ಹಾಕಿದ ಹೊಲಿಗೆ, ಅವಳೇ ಹಚ್ಚಿದ ಗೋಂದು. ಕೈಯಲ್ಲಿ ಹಿಟ್ಟಿನಂತೆ ಜಾರಿತು.

ಮೇಡಂ ಎಣಿಸಿದರು. ಎಂಟುನೂರ ಹದಿನಾಲ್ಕು. ಮೇಲಿನ ಕಚೇರಿಗೆ ಫೋನು ಮಾಡಿದರು. "ಪಟ್ಟಿ ಮಾಡಿ ಕಳಿಸಿ, ವಿಲೇವಾರಿ ಆದೇಶ ಬರುತ್ತೆ" ಎಂಬ ಉತ್ತರ ಬಂತು.

"ವಿಲೇವಾರಿ ಅಂದ್ರೆ ಎಸೆಯೋದು ತಾನೆ?" ಎಂದಳು ಗೋಂದಕ್ಕ. "ಮೇಡಂ, ಎರಡು ದಿನ ಟೈಮ್ ಇದೆ. ಅಷ್ಟರೊಳಗೆ ಗಾಳಿ ಸಿಗದೇ ಹೋದ್ರೆ ಬೂಷ್ಟು ಹಿಡಿಯುತ್ತೆ. ಇಲ್ಲಿರೋದು ಮೂರು ಫ್ಯಾನು, ಆರು ಮೇಜು. ಆದ್ರೆ ಗುಂಪಿನಲ್ಲಿ ಸಾವಿರದ ಮೇಲೆ ಮನೆ ಇವೆ."

ಮೇಡಂ ಫೋನು ಅವಳ ಕೈಗಿಟ್ಟರು.

"ನಾನು ಗೋಂದಕ್ಕ," ಎಂದಿತು ಆವತ್ತಿನ ಮಾತು. ಯಾವತ್ತೂ ಹಾಗೆ ಹೆಸರು ಹೇಳಿಕೊಂಡವಳಲ್ಲ. "ನಮ್ಮ ಪುಸ್ತಕ ನೆನೆದು ಹೋಗಿವೆ. ನಿಮ್ಮ ಮನೇಲಿ ಒಂದು ಫ್ಯಾನು, ಒಂದಿಷ್ಟು ಹಳೇ ಪೇಪರು ಇದ್ರೆ ಒಂದೇ ಒಂದು ಪುಸ್ತಕ ತಗೊಂಡು ಹೋಗಿ ಒಣಗಿಸಿ ಕೊಡ್ತೀರಾ? ಹೇಗೆ ಅಂತ ನಾನು ಹೇಳ್ಕೊಡ್ತೀನಿ."

ಕಂಡಕ್ಟರ್ ಆವತ್ತು ಪಾಳಿ ಬದಲಿಸಿಕೊಂಡು ಓಡಿ ಬಂದು, ಅವಳು ಹೇಳಿದ್ದನ್ನು ಸಾಲು ಸಾಲಾಗಿ ಬರೆದು ಗುಂಪಿನ ನೆತ್ತಿಗೇ ಅಂಟಿಸಿದರು. ಪುಸ್ತಕವನ್ನು ನಿಲ್ಲಿಸಿ, ಮಲಗಿಸಬೇಡಿ. ಬಲವಂತವಾಗಿ ಪುಟ ಬಿಡಿಸಬೇಡಿ. ಇಪ್ಪತ್ತು ಹಾಳೆಗೊಂದು ಒಣ ಕಾಗದ ಇಡಿ, ಒದ್ದೆಯಾದರೆ ಬದಲಿಸಿ. ಬಿಸಿಲು ಬೇಡ, ಬೆಂಕಿ ಬೇಡ, ಇಸ್ತ್ರಿ ಪೆಟ್ಟಿಗೆ ಖಂಡಿತ ಬೇಡ. ಗಾಳಿ ಸಾಕು. ಪೂರ್ತಿ ಒಣಗುವ ಮುಂಚೆ ಮೇಲೊಂದು ಭಾರ ಹೇರಿ.

ಹತ್ತು ಗಂಟೆಗೆ ಬಾಗಿಲಲ್ಲಿ ಹನ್ನೆರಡು ಜನ. ಹನ್ನೊಂದಕ್ಕೆ ಸಾಲು ರಸ್ತೆಯ ತಿರುವಿನವರೆಗೆ. ಬಕೆಟ್ಟು, ಟವೆಲು, ಮಗುವಿನ ಸ್ನಾನದ ತೊಟ್ಟಿ, ಏನು ಸಿಕ್ಕಿತೋ ಅದನ್ನು ಹಿಡಿದು ಬಂದಿದ್ದರು. ಬೇಕರಿಯವರು ಬ್ರೆಡ್ಡು ಜೋಡಿಸುವ ತಟ್ಟೆಗಳನ್ನು ಹೊತ್ತು ತಂದರು. ಡಿಪೋದಿಂದ ಆರು ಜನ ಬಂದರು, ಅದರಲ್ಲಿ ಆ ಮೆಕ್ಯಾನಿಕ್ಕೂ ಇದ್ದ. ಅವನು ಕಂಡಕ್ಟರ್ ಎದುರು ನಿಂತು ತಲೆ ತುರಿಸಿಕೊಂಡ. "ಅಣ್ಣಾ, ಆವತ್ತು ನಾನು..." ಎಂದವನಿಗೆ ಮುಂದೆ ಮಾತು ಹೊರಡಲಿಲ್ಲ. ಕಂಡಕ್ಟರ್ ಅವನ ಮಾತು ಮುಗಿಯುವವರೆಗೆ ಕಾದರು. ಅದು ಮುಗಿಯಲೇ ಇಲ್ಲ. ಇಬ್ಬರೂ ಸೇರಿ ನೀರು ಸುರಿಯುವ ಕಪಾಟಿನ ಎರಡು ತುದಿ ಹಿಡಿದು ಎತ್ತಿದರು.

ಸಂಜೆಯ ಹೊತ್ತಿಗೆ ಕಪಾಟು ಬರಿದಾಗಿತ್ತು. ಮೇಡಂ ರಿಜಿಸ್ಟರಿನಲ್ಲಿ ಯಾವ ಪುಸ್ತಕ ಯಾರ ಮನೆಗೆ ಎಂದು ಬರೆದುಕೊಂಡಿದ್ದರು. ನಾಲ್ಕನೇ ಮಹಡಿಯ ಅಜ್ಜಿಯೂ ಒಂದು ಬೇಕೆಂದು ಹಟ ಹಿಡಿದರು.

ಆಮೇಲಿನ ಹತ್ತು ದಿನ ಗೋಂದಕ್ಕನಿಗೆ ಕೈಗೂ ಬಾಯಿಗೂ ಬಿಡುವಿರಲಿಲ್ಲ. ಗುಂಪಿನ ತುಂಬ ಚಿತ್ರಗಳು: ಕ್ಷೌರದ ಅಂಗಡಿಯಲ್ಲಿ ತಣ್ಣನೆ ಗಾಳಿಗೆ ಇಟ್ಟ ಡ್ರೈಯರಿನ ಎದುರು ನಿಂತ ಮಕ್ಕಳ ನಿಘಂಟು, ಇಬ್ಬರು ಅಣ್ಣತಮ್ಮಂದಿರು ಪಾಳಿ ಹಾಕಿಕೊಂಡು ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದ ಪ್ರಾಣಿಗಳ ಪುಸ್ತಕ. "ಗೋಂದಕ್ಕಾ, ನಮ್ಮದರ ಬಣ್ಣದ ಚಿತ್ರ ಅಂಟ್ಕೊಂಡಿದೆ, ಏನ್ಮಾಡ್ಲಿ?" "ಹಾಗೇ ಬಿಡಮ್ಮ, ಎಳೀಬೇಡ, ನನ್ನ ಹತ್ರ ತಗೊಂಡು ಬಾ." "ಗೋಂದಕ್ಕಾ, ನಮ್ಮ ಮನೆಯವರು ಒಣಗಿಸ್ತಾ ಒಣಗಿಸ್ತಾ ಓದೋಕೆ ಕೂತುಬಿಟ್ಟಿದ್ದಾರೆ, ಅನ್ನಕ್ಕೂ ಏಳ್ತಿಲ್ಲ." "ಅದಕ್ಕೆ ನನ್ನ ಹತ್ರ ಮದ್ದಿಲ್ಲ ತಾಯಿ." ಮಗಳು ಆಸ್ಪತ್ರೆಯಲ್ಲೂ ಒಂದನ್ನು ನರ್ಸುಗಳ ಕೋಣೆಯ ಫ್ಯಾನಿನಡಿ ನಿಲ್ಲಿಸಿದ್ದಳು. ಪಾಳಿ ಬದಲಾದಾಗ ಅದನ್ನೂ ರೋಗಿಗಳ ಹಾಗೆ ಮುಂದಿನವರಿಗೆ ಒಪ್ಪಿಸಿ ಬರುತ್ತಿದ್ದರಂತೆ.

ಹನ್ನೊಂದನೇ ದಿನ ಪುಸ್ತಕಗಳು ಮರಳಿ ಬರತೊಡಗಿದವು. ವಾರ ಮುಗಿಯುವಷ್ಟರಲ್ಲಿ ಏಳುನೂರ ತೊಂಬತ್ತು ಚೆನ್ನಾಗಿ ಒಣಗಿ ಬಂದವು. ಇಪ್ಪತ್ತನ್ನು ಉಳಿಸಲಾಗಲಿಲ್ಲ, ನುಣುಪು ಕಾಗದದವು, ಇಟ್ಟಿಗೆಯಾಗಿದ್ದವು. ಅವುಗಳನ್ನು ತಂದವರು ತಮ್ಮಿಂದಲೇ ತಪ್ಪಾಯಿತೇನೋ ಎಂಬಂತೆ ತಲೆ ತಗ್ಗಿಸಿ ಕೊಟ್ಟರು. ಉಳಿದ ನಾಲ್ಕು ಬರಲೇ ಇಲ್ಲ. "ಓದ್ತಿರಬಹುದು ಬಿಡಿ" ಎಂದರು ಮೇಡಂ. ವಿಲೇವಾರಿಯ ಆದೇಶ ಬಂದದ್ದು ಅದಾದ ಮೂರು ದಿನಕ್ಕೆ. ಮೇಡಂ ಅದನ್ನು ಫೈಲಿಗೆ ಸೇರಿಸಿ, "ವಿಲೇವಾರಿ ಮಾಡಲು ಪುಸ್ತಕಗಳಿಲ್ಲ" ಎಂದು ಉತ್ತರ ಬರೆದರು.

ಪುಸ್ತಕಗಳೇನೂ ಮೊದಲಿನಂತಿರಲಿಲ್ಲ. ಅಂಚುಗಳು ಅಲೆಯಲೆಯಾಗಿದ್ದವು, ಕಪಾಟಿನಲ್ಲಿ ಹೆಚ್ಚು ಜಾಗ ಕೇಳುತ್ತಿದ್ದವು. ಗೋಂದಕ್ಕ ಹಿಂದಿನ ಕೋಣೆಯಲ್ಲಿ ಒಂದೊಂದನ್ನೇ ತೆರೆದು ನೋಡಿದಳು. ಒಂದರಲ್ಲಿ ಬ್ರೆಡ್ಡಿನ ವಾಸನೆ, ಇನ್ನೊಂದರಲ್ಲಿ ಮಗುವಿನ ಪೌಡರಿನದು, ಮತ್ತೊಂದರಲ್ಲಿ ಔಷಧಿಯದು. ಕೆಲವರು ಒಳಗಿಟ್ಟ ಕಾಗದ ತೆಗೆಯಲು ಮರೆತಿದ್ದರು: ಮಕ್ಕಳ ಲೆಕ್ಕದ ಹಾಳೆ, ದರ್ಜಿಯ ಅಳತೆಯ ಚೀಟಿ. ಅಜ್ಜಿಯ ಪುಸ್ತಕಕ್ಕೆ ಮಾತ್ರ ಒಂದು ಸುಕ್ಕೂ ಇರಲಿಲ್ಲ. ಹತ್ತೂ ದಿನ ಪಕ್ಕದಲ್ಲೇ ಕೂತು ಗಂಟೆಗೊಮ್ಮೆ ಕಾಗದ ಬದಲಿಸಿದ್ದರಂತೆ. "ಎಷ್ಟೋ ವರ್ಷ ಆದ್ಮೇಲೆ ಯಾರೋ ನನ್ನ ಕೈಲಿ ಕೆಲಸ ಕೇಳಿದ್ರು" ಎಂದು ಅವರು ಗೋಂದಕ್ಕನ ಕೈ ಹಿಡಿದುಕೊಂಡಿದ್ದರು. ಥ್ಯಾಂಕ್ಸ್ ಹೇಳಲು ಹೋದವಳು ಹೇಳಿಸಿಕೊಂಡು ಬಂದಿದ್ದಳು.

ಆ ಮಧ್ಯಾಹ್ನ ಅವಳು ಬಾಗಿಲು ಹಾಕಿಕೊಂಡು ಫೋನು ಹಿಡಿದಳು. ಥ್ಯಾಂಕ್ಸಿನ ಎರಡು ಮಾತು ಹೇಳಿ ಮುಗಿಸುವ ಯೋಚನೆ. ಆದರೆ ಬೇಕರಿಯವರನ್ನು ನೆನೆದರೆ ಕ್ಷೌರದ ಅಂಗಡಿಯವರನ್ನು ಬಿಡುವುದು ಹೇಗೆ, ಅಣ್ಣತಮ್ಮಂದಿರನ್ನು ಹೇಳಿದರೆ ಡಿಪೋದವರನ್ನು ಬಿಡುವುದು ಹೇಗೆ? ಯಾರ ಹೆಸರೂ ಎತ್ತದೆ, ಯಾರು ಯಾವ ಪುಸ್ತಕ ಒಣಗಿಸಿದರೆಂದೂ ಬಾಯಿಬಿಡದೆ, ಬೀಸಿದ ಬೀಸಣಿಗೆ, ಬದಲಿಸಿದ ಕಾಗದ, ಎತ್ತಿದ ಬಕೆಟ್ಟು ಒಂದೊಂದನ್ನೂ ನೆನೆದು ನೆನೆದು ಹೇಳಿದಳು. ನಡುವೆ ಎರಡು ಸಲ ನಿಂತು ಮೂಗೊರೆಸಿಕೊಂಡಳು. ಅದನ್ನೂ ಅಳಿಸದೆ ಹಾಗೇ ಕಳಿಸಿದಳು.

ಬರಹ ಬರಲು ಆವತ್ತು ಅರ್ಧ ಗಂಟೆ ಸಾಲಲಿಲ್ಲ. ಕತ್ತಲಾಗುವ ಹೊತ್ತಿಗೆ ಬಂತು, ಉದ್ದಕ್ಕೆ. ಅದರ ಹಿಂದೆಯೇ ಅವಳೊಬ್ಬಳಿಗೆ ಕಂಡಕ್ಟರ್ ಬೇರೆ ಕಳಿಸಿದ್ದರು: "ಅಕ್ಕಾ, ಹನ್ನೊಂದು ನಿಮಿಷ ಮಾತಾಡಿದ್ದೀರಿ. ನನ್ನ ಕೈ ಬಿದ್ದುಹೋಯಿತು. ಒಂದು ಮಾತೂ ಬಿಟ್ಟಿಲ್ಲ."